ಸಹಾಯ ಬೇಕು: ಟೀಚರ್ ಅಜ್ಜಿಯವರ ಸುಗಂಧರಾಜದ ಮಡಿ ಉಳಿಸಲು

ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯ ನಮ್ಮ ಚರ್ಚ್ ಅಂಗಳದಾಗ ಸುಗಂಧರಾಜ ಬೆಳೆಸಿ, ಶನಿವಾರ ಸಂಜೆ ವೇದಿಕೆಗೆ ಹೂ ಜೋಡಿಸಿ, ಭಾನುವಾರ ಸಂಡೇ ಸ್ಕೂಲ್ ನಡೆಸುತ್ತಿದ್ದ ಟೀಚರ್ ಅಜ್ಜಿ ಪ್ರಭುವಿನಲ್ಲಿ ನಿದ್ರಿಸಿದ್ದಾರೆ. ಅವರ ಹೆಸರಿನ ಕಲ್ಲು ಹಾಕಿಸುವುದಕ್ಕಿಂತ ಈ ಮಡಿ ಉಳಿಸುವುದೇ ಮೇಲು.

ಗಡ್ಡೆ ಕಿತ್ತು ಮೂರು ವರ್ಷ ದಾಟಿದೆ. ಒತ್ತಾಗಿ ಬೆಳೆದು ಹೂ ಇಳಿದಿದೆ. ಮೇಲಾಗಿ ಎರೆ ಮಣ್ಣು, ಮಳೆಗಾಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಅದಕ್ಕೇ 10 ಅಡಿ ಉದ್ದ, 4 ಅಡಿ ಅಗಲದ ಮಡಿಯನ್ನು ಅರ್ಧ ಅಡಿ ಎತ್ತರಿಸಬೇಕು. ಸಿಮೆಂಟ್ ಚೀಲದ ಲೆಕ್ಕದಲ್ಲಿ ಕೆಂಪು ಮಣ್ಣು 8, ತಿಪ್ಪೆಗೊಬ್ಬರ 4, ಮರಳು 4 ಬೇಕು. ಗೊಬ್ಬರ ಪೂರ್ತಿ ಕಳಿತಿರಲಿ. ಹಸಿಯದಾದರೆ ಗೊಣ್ಣೆಹುಳು ಖಾತ್ರಿ. ಧಾರವಾಡದ ಪಶ್ಚಿಮಕ್ಕೆ ಇರುವವರು ಕೆಂಪು ಮಣ್ಣು ತಂದರೆ ದೊಡ್ಡ ಉಪಕಾರ.

ಕೈಕೆಲಸಕ್ಕೆ ನಾಲ್ಕು ಜನ ಸಾಕು. ಸಲಿಕೆ ತರಬೇಡ್ರಿ, ಗಡ್ಡೆ ಸೀಳುತ್ತದೆ. ಗಾರ್ಡನ್ ಫೋರ್ಕ್ ಇದ್ದರೆ ತನ್ನಿ. 2 ಸೆಂ.ಮೀ. ದಪ್ಪದ ಸುಮಾರು 70 ಗಡ್ಡೆ ಆರಿಸಿ, ಮುಕ್ಕಾಲು ಅಡಿಗೊಂದರಂತೆ ಎರಡು ಅಂಗುಲ ಆಳಕ್ಕೆ ಹಚ್ಚುವುದು. ಒಮ್ಮೆ ನೀರು ಕೊಟ್ಟರೆ ಮೊಳಕೆ ಕಾಣುವತನಕ ಮತ್ತೆ ಬೇಡ. ಸಣ್ಣ ಗಡ್ಡೆ ಮೊದಲ ವರ್ಷ ಹೂ ಬಿಡುವುದಿಲ್ಲ, ಅವನ್ನು ಸಂಡೇ ಸ್ಕೂಲ್ ಮಕ್ಕಳಿಗೆ ಕುಂಡದಲ್ಲಿ ಹಾಕಿ ಕೊಡೋಣ.

ಏಪ್ರಿಲ್ ಒಳಗೆ ಮುಗಿಯಬೇಕು. ಯಾರು ಏನು ತರುತ್ತೀರಿ, ಕೆಳಗೆ ಬರೆಯಿರಿ.