ಕೊರಿಯನ್ ಕಲಿಯಲು ಸೊಗಾಂಗ್ ಒಳ್ಳೆಯದಾ, ಯೋನ್ಸೆಯಾ?

ಪ್ರಶ್ನೆ (ಸಪ್ತಾಪುರ, ಧಾರವಾಡ):
ಬಿ.ಕಾಂ ಮುಗಿದಿದೆ. ಎರಡು ವರ್ಷದಿಂದ ಮನೆಯಲ್ಲೇ ಕೊರಿಯನ್ ಓದುತ್ತಿದ್ದೇನೆ. ಹಂಗುಲ್ (ಕೊರಿಯನ್ ಲಿಪಿ) ಸರಾಗವಾಗಿ ಓದುತ್ತೇನೆ, ಬಾಯಿ ಮಾತ್ರ ತೆರೆಯಲ್ಲ. ಅಪ್ಪ ಒಂದು ಟರ್ಮಿಗೆ ದುಡ್ಡು ಹೊಂದಿಸಿದ್ದಾರೆ. ಸಿಯೋಲ್‌ನಲ್ಲಿ ಸೊಗಾಂಗ್, ಯೋನ್ಸೆ, ಈ ಎರಡರಲ್ಲಿ ಯಾವ ಯೂನಿವರ್ಸಿಟಿಗೆ ಹೋಗಲಿ?

ಉತ್ತರ (ವಿದ್ಯಾನಗರ, ಹುಬ್ಬಳ್ಳಿ):
ತಂಗಿ, ನಿನಗೆ ಸೊಗಾಂಗೇ ಸರಿ. ನಾನು ಅಲ್ಲಿ ಎರಡು ಟರ್ಮ್ ಓದಿದೆ. ಒಂದು ಟರ್ಮ್ ಅಂದರೆ 10 ವಾರ, 200 ಗಂಟೆ, ದಿನಕ್ಕೆ 4 ಗಂಟೆ. ವ್ಯಾಕರಣವನ್ನು ಮನೆಯಲ್ಲೇ ಓದಿಕೊಂಡು ಹೋಗಬೇಕು, ಕ್ಲಾಸಲ್ಲಿ ಹೆಚ್ಚಾಗಿ ಮಾತು. ಯೋನ್ಸೆ 1959ರಿಂದ ಕಲಿಸುತ್ತಿದೆ, ಬರವಣಿಗೆ ಗಟ್ಟಿಯಾಗಬೇಕು ಅನ್ನುವವರಿಗೆ ಅದು ಚೆನ್ನ.

ಕನ್ನಡದವರಿಗೆ ಕೊರಿಯನ್ ಹತ್ತಿರ ಅನಿಸುತ್ತದೆ. 'ಜಿಬೆ ಗಾಯೊ' ಅಂದರೆ 'ಮನೆಗೆ ಹೋಗುತ್ತೇನೆ'. ಜಿಪ್ ಮನೆ, ಎ ನಮ್ಮ 'ಗೆ', ಕ್ರಿಯಾಪದ ಕೊನೆಗೆ. ಇಂಗ್ಲಿಷ್ ಮೂಲಕ ಯೋಚಿಸಬೇಡ, ನೇರ ಕನ್ನಡದಿಂದ ಹೋಗು.

ಸೇರುವಾಗ ಲೆವೆಲ್ ಟೆಸ್ಟ್ ಇರುತ್ತದೆ. ಮಾತು ಬರದಿದ್ದರೆ ಕೆಳಗಿನದನ್ನೇ ಕೊಡುತ್ತಾರೆ, ಒಪ್ಪಿಕೊ. ಹಟ ಮಾಡಿ ಮೇಲಿನದಕ್ಕೆ ಹೋದ ನನ್ನ ಗೆಳತಿ ಹತ್ತು ವಾರ ಸುಮ್ನೆ ಕೂತಳು. ತುಂಬಾ ಬೇಜಾರಾಯಿತು. ಹಾಂ, ಶೇಂಗಾ ಚಟ್ನಿ ಪುಡಿ ಜಾಸ್ತಿನೇ ಒಯ್ಯಿ.

ಉತ್ತರ (ಗದಗ):
ಮುಂದೆ ಅಲ್ಲೇ ಎಂ.ಎ ಮಾಡುವ ಆಸೆ ಇದ್ದರೆ ಜಿಕೆಎಸ್ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿ. ಕೊರಿಯಾ ಸರ್ಕಾರವೇ ಒಂದು ವರ್ಷ ಭಾಷೆ ಕಲಿಸಿ ಆಮೇಲೆ ಡಿಗ್ರಿಗೆ ಕಳಿಸುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕಾ, ಸೊಗಾಂಗೇ ಅಂತ ಅಪ್ಪನಿಗೆ ಈಗಲೇ ಹೇಳಿದೆ. ಇವತ್ತಿಂದ ಕನ್ನಡದಲ್ಲೇ ಅರ್ಥ ಬರೆದುಕೊಳ್ಳುತ್ತೇನೆ.