ಕಾದದ್ದು ಇಂಜಿನ್, ಬೆವರಿದ್ದು ಗಿರಿ

"ಕಾರಿನ ಇಂಜಿನ್ ಬಿಸಿ ತೋರಿಸೋ ಮುಳ್ಳು ಕೆಳಗೆ ಇಳಿದಿತ್ತು, ಅದಕ್ಕೇ ಓಡಿಸ್ಕೊಂಡು ಬಂದೆ" ಅಂತ ಗಿರಿ ಹೇಳಿದ್ದೇ ತಡ, ರಾಜಣ್ಣ ಹಣೆ ಚಚ್ಚಿಕೊಂಡರು.

"ಅದಕ್ಕೆ ಮುಂಚೆ ಮೇಲೆ ಹೋಗಿತ್ತಾ?"

"ಹೋಗಿತ್ತು ರಾಜಣ್ಣ. ಕೆಂಪು ಗೆರೆ ಮುಟ್ಟಿತ್ತು. ಬುಸ್ ಅಂತ ಹಬೆ ಬಂತು. ಆಮೇಲೆ ದೇವರು ದೊಡ್ಡವನು, ಮುಳ್ಳು ತಾನಾಗೇ ತಣ್ಣಗಾಯ್ತು."

"ತಣ್ಣಗಾದದ್ದು ಮುಳ್ಳು ಒಂದೇ ಕಣಪ್ಪ. ಅದಕ್ಕೆ ಸುದ್ದಿ ಮುಟ್ಟಿಸೋ ಸೆನ್ಸರ್ ನೀರಲ್ಲಿ ಮುಳುಗಿರಬೇಕು. ನೀರೆಲ್ಲ ಉಕ್ಕಿ ಹೋದ ಮೇಲೆ ಅದು ಖಾಲಿ ಜಾಗದಲ್ಲಿ ನೇತಾಡ್ತಿತ್ತು. ಅಳೆಯೋಕೆ ನೀರೇ ಇಲ್ಲ ಅಂದ್ರೆ ಮುಳ್ಳು ಇಳೀದೆ ಇನ್ನೇನು ಮಾಡುತ್ತೆ?"

ರಾಜಣ್ಣ ಜೀವಮಾನವೆಲ್ಲ ಲೇತಿನ ಮುಂದೆ ನಿಂತು ನಿವೃತ್ತರಾದವರು. ಮೇಷ್ಟ್ರು ಭೌತಶಾಸ್ತ್ರ ಹೇಳಿ ಹೇಳಿ ನಿವೃತ್ತರಾದವರು. ನನ್ನ ಪಾಲಿಗೆ ಬಂದದ್ದು ಟಾರ್ಚ್ ಹಿಡಿಯುವ ಕೆಲಸ. ಯಾವ ರಿಪೇರಿಯಲ್ಲೂ ಹೆಚ್ಚು ಬೈಸಿಕೊಳ್ಳುವವನು ಟಾರ್ಚ್ ಹಿಡಿದವನೇ, ಯಾಕೆಂದರೆ ಬೆಳಕು ಯಾವತ್ತೂ ಬೇಕಾದ ನಟ್ಟಿನ ಪಕ್ಕದ ನಟ್ಟಿನ ಮೇಲೇ ಬೀಳುತ್ತದೆ.

ಗಿರಿ ಮೊದಲೇ ಷರತ್ತು ಹಾಕಿದ. "ನೋಡಿ, ನಂದು ಬಜೆಟ್ ರಿಪೇರಿ. ಅಂದ್ರೆ ಇಂಜಿನ್ನಿಗೇ ಗೊತ್ತಾಗಬಾರದು, ಅಷ್ಟು ಕಮ್ಮೀಲಿ ಆಗಬೇಕು. ನಮ್ಮ ಭಾವ ಒಂದು ಪುಡಿ ಹೇಳಿದಾನೆ. ರೇಡಿಯೇಟರಿಗೆ ಸುರಿದರೆ ಸೋರೋ ಕಡೆ ಹೋಗಿ ತಾನೇ ಮೆತ್ಕೊಳ್ಳುತ್ತಂತೆ."

"ಮೆತ್ಕೊಳ್ಳುತ್ತೆ, ಸುಳ್ಳಲ್ಲ" ಅಂದರು ರಾಜಣ್ಣ. "ಆದರೆ ಸೋರೋ ತೂತು ಯಾವುದು, ಹರಿಯೋ ತೂತು ಯಾವುದು ಅಂತ ಆ ಪುಡಿಗೆ ನಿಮ್ಮ ಭಾವ ಹೇಳಿಕೊಟ್ಟು ಕಳಿಸ್ತಾನಾ? ರೇಡಿಯೇಟರ್ ಒಳಗಿನ ಸಣ್ಣ ಸಣ್ಣ ಕೊಳವೆ, ಹೀಟರಿನ ಕೊಳವೆ ಎಲ್ಲಾ ಕಡೆ ಕೂತ್ಕೊಳ್ಳುತ್ತೆ. ಇವತ್ತು ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸಂದು ಮುಚ್ಚೋ ಹಾಳೆ, ಅದೊಂದೇ ಹೋಗಿರಬಹುದು. ನಾಳೆ ರೇಡಿಯೇಟರೂ ಹೋಗುತ್ತೆ."

ಬಾನೆಟ್ ಎತ್ತಿದೆವು. ಎಣ್ಣೆ ಹಾಕುವ ಮುಚ್ಚಳದ ಒಳಗಡೆ ಮಾಸಲು ಬಿಳಿ ಲೋಳೆ ಅಂಟಿತ್ತು. ಸ್ಟಾರ್ಟ್ ಮಾಡಿಸಿದರೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಡಬ್ಬಿಯಲ್ಲಿ ಗುಳುಗುಳು ಗುಳ್ಳೆ, ಸೈಲೆನ್ಸರಿನಿಂದ ಬಿಳಿ ಹೊಗೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡ ಹಿಡಿಯುತ್ತದೆ ಅಂತ, ನೋಡಿದರೆ ಎರಡು ಮತ್ತು ಮೂರನೇ ಸಿಲಿಂಡರ್ ಎರಡೂ ಒಟ್ಟಿಗೆ ಮಲಗಿದ್ದವು. ರಾಜಣ್ಣ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಲೆಕ್ಕ ಮೇಲೇಳಲಿಲ್ಲ.

"ಎದ್ದಿದ್ರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ ಅಂತ ಅನುಮಾನ ಪಡಬೇಕಿತ್ತು. ಅಕ್ಕಪಕ್ಕದ ಎರಡೂ ಒಟ್ಟಿಗೆ ಬಿದ್ದಿವೆ ಅಂದ್ರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಪಾಪ, ಗ್ಯಾಸ್ಕೆಟ್ ಅನ್ನೋದು ಪಾಲಾದ ಅಣ್ಣತಮ್ಮಂದಿರ ನಡುವಿನ ಗೋಡೆ ಇದ್ದ ಹಾಗೆ. ಜಗಳ ಆ ಕಡೆಯದ್ದೋ ಈ ಕಡೆಯದ್ದೋ, ಬಿರುಕು ಬಿಡೋದು ಅದೇ."

"ಹಾಗಾದ್ರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚೋಣ!" ಗಿರಿಯ ಮುಖ ಅರಳಿತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಅವರು ಕನ್ನಡಕ ಸರಿಮಾಡಿಕೊಂಡರೆ ಲೆಕ್ಕ ಬರುತ್ತಿದೆ ಅಂತ ಅರ್ಥ. "ಮೇಲೆ ಮುಚ್ಚಳದ ಹಾಗಿರೋ ನಿನ್ನ ಹೆಡ್ಡು ಅಲ್ಯೂಮಿನಿಯಂ, ಸಿಲಿಂಡರ್ ಇರೋ ಬ್ಲಾಕು ಎರಕದ ಕಬ್ಬಿಣ. ಒಂದು ಡಿಗ್ರಿ ಕಾದರೆ ಅಲ್ಯೂಮಿನಿಯಂ 10 ಲಕ್ಷಕ್ಕೆ ಸುಮಾರು 23 ಭಾಗ ಹಿಗ್ಗುತ್ತೆ, ಕಬ್ಬಿಣ 11 ಭಾಗ. 40 ಸೆಂಟಿಮೀಟರ್ ಉದ್ದದ ಹೆಡ್ಡು 100 ಡಿಗ್ರಿ ಏರಿದರೆ 0.9 ಮಿಲಿಮೀಟರಿನಷ್ಟು ಬೆಳೆಯೋಕೆ ನೋಡುತ್ತೆ. ಕೆಳಗಿನ ಬ್ಲಾಕು ಅದರಲ್ಲಿ ಅರ್ಧದಷ್ಟೇ. ಇಬ್ಬರನ್ನೂ ಬೋಲ್ಟ್ ಹಾಕಿ ಬಿಗಿದಿದೀವಿ. ಮಾಮೂಲಿ ಬಿಸಿಗೆ ಅಂತ ಕಂಪನಿಯವರು ಲೆಕ್ಕ ಹಾಕಿರ್ತಾರೆ. ನೀನು ನೀರಿಲ್ಲದೆ ಓಡಿಸೋದಕ್ಕೆ ಅಂತ ಹಾಕಿರಲ್ಲ."

"ಅಂದ್ರೆ?"

"ಅಂದ್ರೆ ಹೆಡ್ಡು ಬಾಗಿರುತ್ತೆ. ಬಾಗಿದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ, ಅದನ್ನೂ ಸುಟ್ಟು ಮತ್ತೆ ಇದೇ ಜಾಗಕ್ಕೆ ಬರ್ತೀಯ."

ಇಂಜಿನ್ ಪೂರ್ತಿ ಆರಿದ ಮೇಲೆ ಹೆಡ್ ಇಳಿಸಿದೆವು. ಬಿಚ್ಚುವಾಗ ಹೊರಗಿನ ಬೋಲ್ಟಿನಿಂದ ನಡುವಿಗೆ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ. ಗಿರಿ ಬಿಚ್ಚಿದ ಸಣ್ಣಪುಟ್ಟ ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದು, ಡಬ್ಬ ಕುಲುಕಿ, "ಒಂದೂ ಕಳೆದಿಲ್ಲ" ಅಂತ ಹೆಮ್ಮೆಯಿಂದ ತೋರಿಸಿದ. ರಾಜಣ್ಣ ಮಾತಾಡಲಿಲ್ಲ. ಒಂದು ರಟ್ಟಿನ ಮೇಲೆ ಇಂಜಿನ್ ಚಿತ್ರ ಬರೆದು, ಬೋಲ್ಟ್ ಇರುವಲ್ಲೆಲ್ಲ ತೂತು ಚುಚ್ಚಿ, ಡಬ್ಬ ಅವನ ಕೈಗೇ ವಾಪಸ್ ಕೊಟ್ಟು, "ಈಗ ಯಾವುದು ಎಲ್ಲಿಯದು ಹೇಳು" ಅಂದರು. ಉದ್ದ ಬೋಲ್ಟು ಗಿಡ್ಡ ಬೋಲ್ಟಿನ ಜಾಗಕ್ಕೆ ಹೋದರೆ ಅದರ ತುದಿ ಎಲ್ಲಿಗೆ ಹೋಗಿ ಚುಚ್ಚುತ್ತದೆ ಅನ್ನುವ ವರ್ಣನೆಯನ್ನು ಅವರು ಕೆಲಸದುದ್ದಕ್ಕೂ ಹೇಳುತ್ತಾ ಕೂತರು. ಆ ಸಂಜೆ ಗಿರಿಯಷ್ಟು ಶ್ರದ್ಧೆಯಿಂದ ಯಾರೂ ಪರೀಕ್ಷೆ ಬರೆದಿರಲಾರರು.

ಹೆಡ್ಡನ್ನು ತಿರುಗಿಸಿ ಮಲಗಿಸಿ, ಅದರ ಮೇಲೆ ನೇರಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜಿನ, ಅಂದರೆ ಸಂದು ಅಳೆಯುವ ತೆಳು ತಗಡಿನ, ಎಲೆ ತೂರಿಸಿ ನೋಡುವುದು ಅಂದರೆ ರಾಜಣ್ಣನಿಗೆ ಪೂಜೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಲಿಮೀಟರ್ ದಪ್ಪದ ಎಲೆ ಸಲೀಸಾಗಿ ಹೋಯಿತು. 0.10 ಹೋಯಿತು. 0.15ರ ಎಲೆ ನಡುವೆ ಸ್ವಲ್ಪ ತಡೆದು, ಸರ್ ಅಂತ ಒಳಗೆ ಜಾರಿತು.

"ಎಷ್ಟಿರಬೇಕಿತ್ತು?"

"ಸಾಮಾನ್ಯವಾಗಿ 0.05ರ ಒಳಗೆ. ನಿನ್ನ ಇಂಜಿನ್ನಿನ ಪುಸ್ತಕದಲ್ಲಿ ಎಷ್ಟು ಬರೆದಿದಾರೋ ಅದೇ ಕೊನೆ ಮಾತು."

"ಒಂದೆರಡು ತಲೆಗೂದಲಿನ ದಪ್ಪ! ಅಷ್ಟಕ್ಕೆ ಇಷ್ಟು ಕೋಪವಾ ಇದಕ್ಕೆ?"

"ಒಳಗೆ ಬೆಂಕಿ ಹೊತ್ಕೊಂಡಾಗ ಗಾಳಿಗೆ ಅಷ್ಟು ಸಂದು ಸಾಕು."

ಇಲ್ಲಿಂದ ಮುಂದೆ ನಿಜವಾದ ಬಜೆಟ್ ಚರ್ಚೆ. ಗಿರಿಯ ಪಟ್ಟಿಯಲ್ಲಿ ಮೊದಲನೇ ಐಟಂ ವಾಲ್ವ್ ಕವರಿಗೆ ಕೆಂಪು ಬಣ್ಣ. ಕೊನೇ ಐಟಂ "ಹೆಡ್ ಫೇಸಿಂಗ್ (ಬೇಕಾದ್ರೆ)", ಅಂದರೆ ಹೆಡ್ಡಿನ ತಳವನ್ನು ಯಂತ್ರದಲ್ಲಿ ಕೆತ್ತಿ ಸಮ ಮಾಡಿಸುವುದು. ರಾಜಣ್ಣ ಪಟ್ಟಿಯನ್ನು ತಲೆಕೆಳಗು ಹಿಡಿದು ಓದತೊಡಗಿದರು.

"ಮೊದಲು ಪ್ರೆಷರ್ ಟೆಸ್ಟ್. ಹೆಡ್ಡು ಎಲ್ಲಾದರೂ ಸೀಳಿದೆಯಾ ನೋಡಿಸಬೇಕು. ಸೀಳಿದ ಹೆಡ್ಡಿಗೆ ಫೇಸಿಂಗ್ ಮಾಡಿಸಿದರೆ ದುಡ್ಡು ಕೊಟ್ಟು ಕಬ್ಬಿಣದಂಗಡಿಗೆ ಪಾಲಿಶ್ ಮಾಡಿಸಿ ಕೊಟ್ಟ ಲೆಕ್ಕ. ಆಮೇಲೆ ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಒಂದನ್ನೇ ಕೂರಿಸಿ ಬೆರಳಲ್ಲಿ ತಿರುಗಿಸಿ ನೋಡಬೇಕು. ಹಿಡಿದರೆ ಹೆಡ್ಡು ಕೆಳಗಷ್ಟೇ ಅಲ್ಲ, ಮೇಲೂ ಬಾಗಿದೆ ಅಂತ. ಆಗ ಕೆಳಗಡೆ ಮಾತ್ರ ಸಮ ಮಾಡಿಸಿ ಪ್ರಯೋಜನ ಇಲ್ಲ, ಮೊದಲು ಹೆಡ್ಡನ್ನೇ ನೆಟ್ಟಗೆ ಮಾಡಿಸಬೇಕು. ಎಲ್ಲಾ ಸರಿ ಇದ್ರೆ ಫೇಸಿಂಗ್. ಅದೂ ಪುಸ್ತಕದಲ್ಲಿರೋ ಕನಿಷ್ಠ ದಪ್ಪಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ."

"ಗ್ಲಾಸಿನ ಮೇಲೆ ಉಪ್ಪಿನಕಾಗದ ಅಂಟಿಸಿ ನಾನೇ ಉಜ್ಜಿದ್ರೆ?"

"ಉಜ್ಜಬಹುದು. ನಿನ್ನ ಕೈ ಎಲ್ಲಿ ಭಾರ ಬೀಳುತ್ತೋ ಅಲ್ಲಿ ಹೆಚ್ಚು ಸವೆಯುತ್ತೆ. ಈಗ ಒಂದು ಥರ ಬಾಗಿದೆ, ಆಗ ಇನ್ನೊಂದು ಥರ."

ಗಿರಿ ಹಳೇ ಇಂಜಿನ್ ತಂದು ಕೂರಿಸುವ ಮಾತೆತ್ತಿದ. ಇದು ದಡ್ಡ ಮಾತೇನಲ್ಲ. ಬ್ಲಾಕೇ ಸೀಳಿದ್ದರೆ ಅದೇ ಅಗ್ಗದ ದಾರಿ. ರಾಜಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಆ ಇಂಜಿನ್ ಅದರ ಕಾರಿಂದ ಯಾಕೆ ಇಳೀತು?" ಅದರ ಕಂಪ್ರೆಷನ್ನೂ ನೋಡಬೇಕು, ಬೆಲ್ಟು ಸೀಲು ಎಲ್ಲಾ ಬದಲಿಸಬೇಕು. ಗೊತ್ತಿರುವ ರೋಗ ಬಿಟ್ಟು ಗೊತ್ತಿಲ್ಲದ ರೋಗ ಕೊಳ್ಳುವುದು ಬೇಡ ಅಂತ ತೀರ್ಮಾನವಾಯಿತು.

ಬೋರು, ಅಂದರೆ ಸಿಲಿಂಡರಿನ ಒಳ ಅಗಲ, ಅಳೆದಾಗ ಪುಣ್ಯಕ್ಕೆ ಪುಸ್ತಕದ ಮಿತಿಯೊಳಗೇ ಇತ್ತು. ಗೋಡೆಯಲ್ಲಿ ಗೀರೂ ಇರಲಿಲ್ಲ. ಇದ್ದಿದ್ದರೆ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಗಿರಿ ಬಸ್ಸಿನಲ್ಲೇ ಓಡಾಡಬೇಕಾಗುತ್ತಿತ್ತು. ಎಣ್ಣೆಯಲ್ಲಿ ಕೂಲೆಂಟ್ ಬೆರೆತರೆ ಬೇರಿಂಗಿಗೆ ವಿಷ, ಹಾಗಾಗಿ ತಳದ ಎಣ್ಣೆ ತೊಟ್ಟಿ (ಸಂಪ್) ಇಳಿಸಿ ಒಂದೆರಡು ಕನೆಕ್ಟಿಂಗ್ ರಾಡ್ ಬೇರಿಂಗ್ ಬಿಚ್ಚಿ ನೋಡಿದೆವು. ಮಂಕು ಬೂದು ಬಣ್ಣ, ತಾಮ್ರ ಕಾಣುತ್ತಿರಲಿಲ್ಲ. ಗಿರಿಗೆ ಮಂಕು ಬಣ್ಣ ನೋಡಿ ಬೇಜಾರಾಯಿತು, ರಾಜಣ್ಣನಿಗೆ ಖುಷಿಯಾಯಿತು. ಅಲ್ಲಿಗೆ ಕೆಳಗಿನ ಅರ್ಧ ಬಚಾವ್.

ಹೆಡ್ಡು ಫೇಸಿಂಗಿಗೆ ಹೋದಾಗ ಗಿರಿ ಸುಮ್ಮನಿರಲಾರದೆ ಡ್ರಿಲ್ಲಿಗೆ ಉಜ್ಜುವ ಚಕ್ರ ಸಿಕ್ಕಿಸಿ ಬ್ಲಾಕಿನ ಮೇಲ್ಮೈ ಹೊಳೆಯಿಸಲು ಹೊರಟಿದ್ದ. ರಾಜಣ್ಣ ಓಡಿಬಂದು ವೈರ್ ಕಿತ್ತರು. ಆ ಚಕ್ರದ ಪುಡಿ ಎಣ್ಣೆಯ ದಾರಿ ಹಿಡಿದು ಒಳಗಿಳಿದರೆ, ಈಗಷ್ಟೇ ಬಚಾವಾದ ಬೇರಿಂಗುಗಳನ್ನು ಅದೇ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಥಿನ್ನರ್, ತಾಳ್ಮೆ. ಮೂರನೆಯದು ಗಿರಿಯ ಹತ್ತಿರ ಸ್ಟಾಕ್ ಇರಲಿಲ್ಲ. ಬೋಲ್ಟ್ ತೂತುಗಳನ್ನೂ ಒಣಗಿಸಿದೆವು. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ, ಬೋಲ್ಟ್ ಬಿಗಿದಾಗ ಅದು ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳಬಲ್ಲದು.

"ಹಳೇ ಹೆಡ್ ಬೋಲ್ಟು ಚೆನ್ನಾಗೇ ಇವೆಯಲ್ಲ" ಅಂದ ಗಿರಿ.

"ಇವು ಎಳೆದು ಬಿಗಿಯೋ ಜಾತಿ. ಒಂದು ಸಲ ಎಳೆದದ್ದು ಪೂರ್ತಿ ವಾಪಸ್ ಬರಲ್ಲ. ಇಲ್ಲಿ ಉಳಿಸೋಕೆ ಹೋಗಬೇಡ. ನಿನ್ನ ಕೆಂಪು ಬಣ್ಣದಲ್ಲಿ ಉಳಿಸು."

ಬಿಗಿಯುವ ದಿನ ಮೇಷ್ಟ್ರು ಶಾಲೆಯ ಕೋನಮಾಪಕ ಹಿಡಿದು ಬಂದರು. ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಗೆ, ಪುಸ್ತಕದಲ್ಲಿದ್ದ ಕ್ರಮದಂತೆ. ಮೊದಲು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಆಮೇಲೆ 90 ಡಿಗ್ರಿ. ಅವರು ಹಾಜರಿ ಕರೆದ ಹಾಗೆ ಒಂದೊಂದೇ ನಂಬರ್ ಕೂಗುತ್ತಿದ್ದರು, ಗಿರಿ ಬೋಲ್ಟಿನ ತಲೆಗೆ ಸೀಮೆಸುಣ್ಣದ ಗುರುತು ಹಾಕಿ ತಿರುಗಿಸುತ್ತಿದ್ದ. "ಏಳು! ಎಂಬತ್ತೆಂಟೇ ಆಗಿದೆ, ಇನ್ನೆರಡು ಡಿಗ್ರಿ!" ರಾಜಣ್ಣ ಆ ಕಡೆ ತಿರುಗಿ ನಗು ನುಂಗಿಕೊಂಡರು.

ಇಷ್ಟಾದರೂ ಮೊದಲು ಕಾದದ್ದು ಯಾಕೆ ಅನ್ನುವುದು ಯಾರ ಬಾಯಲ್ಲೂ ಬಂದಿರಲಿಲ್ಲ. ಕೊನೆಗೆ ಮೇಷ್ಟ್ರೇ ಕೇಳಿದರು. ಇಂಜಿನ್ ಕಾದಾಗ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ಹಳೇ ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು, ಒಲೆ ಹಚ್ಚಿದೆವು. ಬಾಯಿ ಬಿಡಬೇಕಾದ ಡಿಗ್ರಿ 82 ಅಂತ ಅದರ ಮೈಮೇಲೇ ಕೆತ್ತಿತ್ತು. 82 ದಾಟಿತು, 90 ದಾಟಿತು, ನೀರು ಕೊತಕೊತ ಕುದಿಯಿತು. ಅದು ಬಾಯಿ ಬಿಡಲಿಲ್ಲ.

"ಇಷ್ಟು ಸಣ್ಣದಾ?" ಗಿರಿ ಅದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ನೋಡಿದ. ರಾಜಣ್ಣ ಸುಮ್ಮನೆ ಅದನ್ನು ಕಿತ್ತುಕೊಂಡು ಸುತ್ತಿಗೆಯಲ್ಲಿ ಒಂದೇಟು ಹಾಕಿದರು. ಯಾಕೆ ಅಂದರೆ, "ಇವನು ಒಳ್ಳೇದಿದೆ ಅಂತ ಎತ್ತಿಡ್ತಾನೆ." ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿದೆವು. ಅದು 1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರೂ 120 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಸೋತರೆ ನೂರಕ್ಕೇ ಕುದಿ ಶುರು.

ಹೊಸ ಎಣ್ಣೆ, ಹೊಸ ಕೂಲೆಂಟ್. ಹೀಟರ್ ಪೂರ್ತಿ ತಿರುಗಿಸಿ, ಕಾರಿನ ಮೂತಿ ಎತ್ತರಿಸಿ ಗಾಳಿ ಬಿಟ್ಟೆವು. ಸ್ಟಾರ್ಟ್ ಆದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಗಿರಿ ಬಾಗಿಲು ತೆಗೆದು ಹಾರಲು ನೋಡಿದ. ಜೋಡಿಸುವಾಗ ಸವರಿದ ಎಣ್ಣೆ ಸುಡುತ್ತಿತ್ತು ಅಷ್ಟೇ. ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು, ಮುಳ್ಳು ಅರ್ಧಕ್ಕೆ ಬಂದು ಕೂತಿತು, ಫ್ಯಾನ್ ತಾನೇ ತಿರುಗಿ ತಾನೇ ನಿಂತಿತು.

ಒಂದು ಸುತ್ತು ಹೋಗಿ ಬಂದ ಗಿರಿ ಕಿಟಕಿಯಿಂದ ತಲೆ ಹೊರಹಾಕಿದ. "ರಾಜಣ್ಣ, ಇಂಜಿನ್ ಶಬ್ದವೇ ಇಲ್ಲ! ಆದ್ರೆ ಈಗ ಗೇರ್ ಬಾಕ್ಸಿಂದ ಗೊರ್ ಅಂತ ಹೊಸ ಶಬ್ದ ಬರ್ತಿದೆಯಲ್ಲ?"

"ಹೊಸದಲ್ಲಪ್ಪ, ಅದು ಮೊದಲಿಂದ್ಲೂ ಇತ್ತು. ಇಂಜಿನ್ ಗಲಾಟೇಲಿ ನಿನಗೆ ಕೇಳಿಸ್ತಿರಲಿಲ್ಲ."

ಮೇಷ್ಟ್ರು ಕೋನಮಾಪಕ ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕತೊಡಗಿದರು.