ಸೋರೆ ಬುರುಡೆಯ ಇಪು, ಕೈಯಾರೆ ಮಾಡುವ ಉಕುಲೆಲೆ: ಯಾವ ಮರ, ಯಾವ ಆ್ಯಪ್?

ಆಕ್ಲೆಂಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವು ಆಕ್ಲೆಂಡ್‌ಗೆ ಬಂದು ಆರು ವರ್ಷವಾಯಿತು. ಮಗಳು ಶಾಲೆಯಲ್ಲಿ ಪುಟ್ಟ ಗಿಟಾರಿನಂಥ ಉಕುಲೆಲೆ ಕಲಿತಳು, ಇಲ್ಲಿ ತುಂಬಾ ಮಕ್ಕಳಿಗೆ ಅದೇ ಮೊದಲ ವಾದ್ಯ. ಈಗ ಎರಡು ವರ್ಷದಿಂದ ಹವಾಯಿಯ ಹುಲಾ ನೃತ್ಯದ ತರಗತಿಗೂ ಹೋಗುತ್ತಿದ್ದಾಳೆ. ಅಲ್ಲಿ ಟೀಚರ್ ನೆಲದ ಮೇಲೆ ಕೂತು ಇಪು ಹೆಕೆ ಬಾರಿಸುತ್ತಾರೆ. ಒಂದರ ಮೇಲೊಂದು ಕೂರಿಸಿದ ಎರಡು ಬುರುಡೆ ಅಷ್ಟೇ, ಆದರೆ ಚಾಪೆಗೆ ತಾಗಿದಾಗ ಬರುವ ಆ 'ದುಂ' ಶಬ್ದ ಎದೆಗೇ ಬಡಿಯುತ್ತದೆ. ಮಗಳಿಗೆ ಅಂಥದ್ದೊಂದು ಬೇಕು, ಅದೂ ನಾವೇ ಮಾಡಿದ್ದು ಬೇಕು. ಟೀಚರನ್ನು ಕೇಳಿದೆ, ಮಾಡಿ, ಮಾಡಿದ ಮೇಲೆ ತಂದು ತೋರಿಸಿ ಅಂದರು.

ಮೊದಲು ಸುಲಭ ಅಂತ ಹೊರದೇಶದಿಂದ ಒಣಗಿದ ಬುರುಡೆಯೊಂದನ್ನು ತರಿಸಿದೆ. ಗಡಿಯಲ್ಲಿ ತಡೆದರು. ಒಳಗೆ ಬೀಜ ಇತ್ತಂತೆ. ಕ್ರಿಮಿ ಕೊಲ್ಲುವ ಉಪಚಾರಕ್ಕೆ ದುಡ್ಡು ಕಟ್ಟಿದೆ, ಮೂರು ವಾರದ ಮೇಲೆ ಕೈಗೆ ಬಂದಾಗ ಕುತ್ತಿಗೆಯಿಂದ ಹೊಟ್ಟೆಯವರೆಗೆ ಸೀಳು ಬಿಟ್ಟಿತ್ತು. ಮಗಳು ಅದನ್ನು ಎಸೆಯೋಕೆ ಬಿಟ್ಟಿಲ್ಲ, ಕಿಟಕಿ ಹತ್ತಿರ ಇಟ್ಟುಕೊಂಡಿದ್ದಾಳೆ.

ಈಗ ನನ್ನ ಪ್ರಶ್ನೆ. ಇಪುಗೆ ಯಾವ ಥರದ ಬುರುಡೆ ಬೇಕು, ಹೇಗೆ ಒಣಗಿಸಬೇಕು? ಇದರ ಜೊತೆಗೆ ಒಂದು ಕನ್ಸರ್ಟ್ ಅಳತೆಯ (ತೀರಾ ಚಿಕ್ಕದಕ್ಕಿಂತ ತುಸು ದೊಡ್ಡ) ಉಕುಲೆಲೆಯನ್ನೂ ಮಾಡೋಣ ಅಂತ ನನ್ನ ಯಜಮಾನರು ಹೊರಟಿದ್ದಾರೆ. ಉಕುಲೆಲೆಗೆ ಹೆಸರಾದ ಹವಾಯಿಯ ಕೊಆ ಮರದ ಬೆಲೆ ಕೇಳಿ ಸುಮ್ಮನಾದೆವು. ಬೇರೆ ಯಾವ ಮರ ಆದೀತು? ಊರಿಂದ ಬೀಟೆ ಹಲಗೆ ತರಬಹುದಾ? ಅಳತೆ ತೆಗೆಯೋಕೆ, ಶ್ರುತಿ ನೋಡೋಕೆ ಯಾವ ಸಾಫ್ಟ್‌ವೇರ್ ನಿಜವಾಗಿ ಕೆಲಸಕ್ಕೆ ಬರುತ್ತದೆ? ಜಾಸ್ತಿ ಖರ್ಚು ಮಾಡುವ ಹಾಗಿಲ್ಲ.

ಹೊನೊಲುಲು ಹುಡುಗಿ

ಅಕ್ಕಾ, ನಾನು ಇಲ್ಲಿ ಒಂದು ಹಾಲಾವುವಿನಲ್ಲಿ, ಅಂದರೆ ಹುಲಾ ಶಾಲೆಯಲ್ಲಿ, ಕಲಿಯುತ್ತಿದ್ದೇನೆ, ಇದು ನಾಲ್ಕನೇ ವರ್ಷ. ನಮ್ಮ ಕುಮು (ಗುರು) ನಮ್ಮ ಕೈಯಲ್ಲೇ ಇಪು ಮಾಡಿಸಿದರು, ಹಾಗಾಗಿ ಬುರುಡೆಯ ಬಗ್ಗೆ ಹೇಳಬಲ್ಲೆ.

ಇಪು ಅಂದರೆ ನಮ್ಮ ಸೋರೆಕಾಯಿಯೇ. ಸಸ್ಯಶಾಸ್ತ್ರದಲ್ಲೂ ಎರಡೂ ಒಂದೇ ಜಾತಿ. ನಮ್ಮ ತಂಬೂರಿಯ ಬುರುಡೆಯೂ ಇದೇ ಬಳಗದ್ದು. ಇದು ಗೊತ್ತಾದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ನೀವಿರುವ ಜಾಗದ ಮೂಲನಿವಾಸಿಗಳಾದ ಮಾವೊರಿ ಜನ ಇದನ್ನು ಹುಎ ಅನ್ನುತ್ತಾರೆ, ಅವರ ಹಿರಿಯರು ಗೆಣಸು, ಕೆಸುವಿನ ಜೊತೆ ದೋಣಿಯಲ್ಲಿ ತಂದ ಬೆಳೆ ಅದು. ಅಂದಮೇಲೆ ಹೊರಗಿಂದ ತರಿಸುವ ತಾಪತ್ರಯವೇ ಬೇಡ. ಅಲ್ಲಿಯೇ ಬೆಳೆಯುವವರು ಇರುತ್ತಾರೆ, ತೋಟಗಾರಿಕೆ ಗುಂಪುಗಳಲ್ಲಿ ಕೇಳಿ. ಇಲ್ಲವೇ ನೀವೇ ಸೆಪ್ಟೆಂಬರ್‌ನಲ್ಲಿ ಮನೆಯೊಳಗೆ ಬೀಜ ಹಾಕಿ, ಚಳಿ ಪೂರ್ತಿ ಹೋದ ಮೇಲೆ ಹೊರಗೆ ನೆಡಿ.

ಸಾರಿಗೆ ಹಾಕುವ ಸೋರೆಯ ಬೀಜ ಹಾಕಬೇಡಿ. ಅದರ ಸಿಪ್ಪೆ ಒಣಗಿದರೂ ತೆಳುವಾಗಿಯೇ ಇರುತ್ತದೆ, ನೆಲಕ್ಕೆ ಬಡಿದರೆ ಒಡೆಯುತ್ತದೆ. ಪಾತ್ರೆ, ವಾದ್ಯಕ್ಕೆ ಅಂತಲೇ ಬೆಳೆಯುವ ಗಟ್ಟಿ ಸಿಪ್ಪೆಯ ತಳಿ ಸಿಗುತ್ತದೆ. ಕಾಯಿ ಬಳ್ಳಿಯಲ್ಲೇ ಪೂರ್ತಿ ಬಲಿಯಬೇಕು, ತೊಟ್ಟು ಕಂದು ಬಣ್ಣಕ್ಕೆ ತಿರುಗಿ ಒಣಗುವವರೆಗೂ ಕೀಳಬೇಡಿ. ಕಿತ್ತ ಮೇಲೆ ಗಾಳಿಯಾಡುವ ಕಡೆ ನಾಲ್ಕೈದು ತಿಂಗಳು, ದೊಡ್ಡದಾದರೆ ಅದಕ್ಕೂ ಜಾಸ್ತಿ. ಮೇಲೆಲ್ಲ ಕಪ್ಪು, ಬಿಳಿ ಬೂಷ್ಟು ಬರುತ್ತದೆ. ಹೆದರಬೇಡಿ, ಅದು ಸಹಜ. ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಅಂದರೆ ಒಣಗಿತು ಅಂತ ಲೆಕ್ಕ.

ಆಮೇಲೆ ಒದ್ದೆ ಬಟ್ಟೆ ಸುತ್ತಿ ಒಂದು ರಾತ್ರಿ ಇಟ್ಟು, ಪಾತ್ರೆ ಉಜ್ಜುವ ತಾಮ್ರದ ಬಲೆಯಿಂದ ತಿಕ್ಕಿ. ಬೂಷ್ಟಿನ ಪದರ ಹೋಗಿ ಒಳಗಿಂದ ಜೇನಿನ ಬಣ್ಣ ಏಳುತ್ತದೆ. ಬಾಯಿ ಕತ್ತರಿಸುವಾಗ, ಒಳಗಿನ ತಿರುಳು ಕೆರೆಯುವಾಗ ಒಳ್ಳೆಯ ಮಾಸ್ಕ್ ಹಾಕಲೇಬೇಕು. ಆ ಧೂಳು ತುಂಬಾ ಕೆಟ್ಟದ್ದು. ನಾನು ಮೊದಲ ದಿನ ಹಾಕಿರಲಿಲ್ಲ, ಎರಡು ದಿನ ಕೆಮ್ಮು ಬಿಡಲಿಲ್ಲ. ಹಳೇ ಕಾಲದಲ್ಲಿ ಒಳಗೆ ನೀರು ತುಂಬಿಸಿಟ್ಟು ತಿರುಳನ್ನು ಕೊಳೆಸಿ ತೆಗೆಯುತ್ತಿದ್ದರು. ನಾತ ಬರುತ್ತದೆ, ಆದರೆ ಧೂಳಿಲ್ಲ.

ಇಪು ಹೆಕೆಗೆ ಕೆಳಗೆ ಉದ್ದನೆಯ ದೊಡ್ಡ ಬುರುಡೆ, ಮೇಲೆ ಗುಂಡಗಿನ ಚಿಕ್ಕದು. ಎರಡನ್ನೂ ಕುತ್ತಿಗೆಯ ಹತ್ತಿರ ಕೂರಿಸುತ್ತಾರೆ, ಮೇಲಿನದರ ನೆತ್ತಿಯಲ್ಲಿ ತೂತು. ಹಿಂದೆ ಹಲಸಿನ ಜಾತಿಯ ಜೀಗುಜ್ಜೆ ಮರದ ಅಂಟಿನಿಂದ ಅಂಟಿಸುತ್ತಿದ್ದರು, ಈಗ ಎಪಾಕ್ಸಿ. ಅಂಟಿಸುವ ಮುಂಚೆ ಎರಡನ್ನೂ ಕೈಯಲ್ಲಿ ಒತ್ತಿ ಹಿಡಿದು ಬಾರಿಸಿ ನೋಡಿ. ತಳವನ್ನು ಚಾಪೆಗೆ ತಟ್ಟಿದಾಗ ಬರುವುದು 'ಊ', ಬೆರಳ ತುದಿಯಿಂದ ಪಕ್ಕಕ್ಕೆ ಹೊಡೆದಾಗ ಬರುವುದು 'ತೇ'. ಎರಡೂ ಬೇರೆ ಬೇರೆಯಾಗಿ ಕೇಳಬೇಕು. ಊ ಮಂಕಾಗಿದ್ದರೆ ಮೇಲಿನ ತೂತನ್ನು ಸ್ವಲ್ಪ ಸ್ವಲ್ಪವೇ ಅಗಲ ಮಾಡಿ, ನಡುನಡುವೆ ಬಾರಿಸಿ. ತೂತು ದೊಡ್ಡದಾದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ, ಕತ್ತರಿಸಿದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ.

ಆ ಸೀಳಿದ ಬುರುಡೆಯನ್ನು ಎಸೆಯದೇ ಇದ್ದದ್ದು ಒಳ್ಳೆಯದಾಯಿತು. ಕತ್ತರಿಸೋದು, ಕೆರೆಯೋದು ಎಲ್ಲವನ್ನೂ ಮೊದಲು ಅದರ ಮೇಲೆ ಕಲಿಯಿರಿ.

ಶಿರಸಿ ಕೀಸುಳಿ

ಮೇಡಂ, ಉಕುಲೆಲೆಗೆ ನಾನು ಉತ್ತರ ಕೊಡುತ್ತೇನೆ. ಇಲ್ಲಿಯವರೆಗೆ ಐದು ಮಾಡಿದ್ದೇನೆ, ಎಲ್ಲವೂ ನಮ್ಮೂರಿನ ಅಕೇಶಿಯಾ ಮರದ್ದು.

ಕೊಆ ಕೂಡ ಅಕೇಶಿಯಾನೇ, ಹವಾಯಿಯಲ್ಲಿ ಮಾತ್ರ ಹುಟ್ಟುವ ಜಾತಿ. ನಮ್ಮ ಮಲೆನಾಡಲ್ಲಿ, ಕರಾವಳಿಯಲ್ಲಿ ಸಾಲುಸಾಲಾಗಿ ನೆಟ್ಟಿದ್ದಾರಲ್ಲ, ಆ ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು, ಕೊಆಗೆ ನೆಂಟ. ಎರಡರಲ್ಲೂ ಎಳೆ ಸಸಿಗೆ ಜಾಲಿಯ ಹಾಗೆ ಸಣ್ಣ ಗರಿ ಎಲೆ ಇರುತ್ತದೆ, ಗಿಡ ಬೆಳೆದಂತೆ ಕುಡುಗೋಲಿನಂಥ ಉದ್ದ ಎಲೆ ಬರುತ್ತದೆ. ನಿಮಗಂತೂ ಇನ್ನೂ ಹತ್ತಿರದ ನೆಂಟ ಸಿಗುತ್ತದೆ. ಟಾಸ್ಮೇನಿಯನ್ ಬ್ಲ್ಯಾಕ್‌ವುಡ್ ಅಂತ ಕೇಳಿ, ನ್ಯೂಜಿಲೆಂಡ್‌ನಲ್ಲೂ ಬೆಳೆಯುತ್ತಾರೆ. ಬಣ್ಣ, ಎಳೆ, ನಾದ ಎಲ್ಲ ಕೊಆಗೆ ತೀರಾ ಹತ್ತಿರ. ಇದರ ಧೂಳು ಕೆಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ, ಇದಕ್ಕೂ ಮಾಸ್ಕ್ ಇರಲಿ.

ಕೊಆನೇ ಆಗಬೇಕು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 1879ರ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ಮದೀರಾ ದ್ವೀಪದಿಂದ ರೇವನ್ಸ್‌ಕ್ರಾಗ್ ಹಡಗಿನಲ್ಲಿ ಹೊನೊಲುಲುಗೆ ಬಂದ ಮೂವರು ಮರಗೆಲಸದವರು, ನೂನಿಸ್, ಡಿಯಾಸ್, ಎಸ್ಪಿರಿಟೊ ಸ್ಯಾಂಟೊ, ತಮ್ಮ ಊರಿನ ಮಚೇಟ್ ಅನ್ನುವ ಪುಟ್ಟ ತಂತಿವಾದ್ಯವನ್ನು ಅಲ್ಲಿ ಮಾಡತೊಡಗಿದಾಗ ಆ ನೆಲದಲ್ಲಿ ಸಿಕ್ಕ ಒಳ್ಳೆಯ ಮರವನ್ನೇ ಹಿಡಿದರು. ಉಕುಲೆಲೆ ಹುಟ್ಟಿದ್ದೇ ಹಾಗೆ. ನೀವೂ ನಿಮ್ಮ ಸುತ್ತ ಸಿಗುವ ಮರವನ್ನು ಹಿಡಿಯಿರಿ.

ಬೀಟೆ ಬೇಡ. ಬೀಟೆ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ, ತಯಾರಾದ ವಾದ್ಯಕ್ಕೆ ವಿನಾಯಿತಿ ಇದೆ, ಹಲಗೆಗೆ ಇಲ್ಲ. ಪರವಾನಗಿ ಇಲ್ಲದೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರಟರೆ ಮತ್ತೆ ಅದೇ ಗಡಿಯ ಕಥೆ. ಫ್ರೆಟ್ ಬೋರ್ಡಿಗೂ (ಕುತ್ತಿಗೆಯ ಮೇಲೆ ಫ್ರೆಟ್ ಅನ್ನುವ ಅಡ್ಡ ಪಟ್ಟಿಗಳು ಕೂರುವ ಹಲಗೆ) ಬ್ಲ್ಯಾಕ್‌ವುಡ್ಡಿನ ಚೇಗು ಸಾಕು.

ಇನ್ನು ಅಳತೆ. ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರೂ ಕೊಳ್ಳಬೇಡಿ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಉಚಿತ, ನಿಮ್ಮ ಕೆಲಸಕ್ಕೆ ಅದೊಂದೇ ಸಾಕು. ಲೆಕ್ಕಕ್ಕೆ ಎಕ್ಸೆಲ್ ಥರದ್ದು ಯಾವುದಾದರೂ ಇರಲಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗಿನ (ಒಡಲ ಮೇಲೆ ತಂತಿ ಹೊರುವ ಕುದುರೆ) ಉದ್ದ 380 ಮಿ.ಮೀ. ಅಂದುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ 21.33, ಅಲ್ಲಿ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಕೂಡಿಸಿದರೆ ಎರಡನೆಯದು, 41.46. ಹೀಗೇ ಹೋದರೆ ಐದನೆಯದು 95.32ಕ್ಕೆ, ಏಳನೆಯದು 126.38ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 190ಕ್ಕೆ ಬರಬೇಕು. ಬರಲಿಲ್ಲ ಅಂದರೆ ಲೆಕ್ಕ ತಪ್ಪಿದೆ. ಮರದ ಮೇಲೆ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಸೇರಿ ಸೇರಿ ಕೊನೆಗೆ ದೊಡ್ಡದಾಗುತ್ತದೆ.

ಪ್ರಿಂಟ್ ತೆಗೆಯುವಾಗ ಜೋಪಾನ. ನನ್ನ ಎರಡನೇ ಉಕುಲೆಲೆಯನ್ನು ಹಾಳು ಮಾಡಿದ್ದೇ ಪ್ರಿಂಟರ್. ಹಾಳೆಗೆ ಹೊಂದಿಸುವ ಆಯ್ಕೆ ಆನ್ ಆಗಿತ್ತು, ಚಿತ್ರ 97 ಪ್ರತಿಶತಕ್ಕೆ ಕುಗ್ಗಿತು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಕಾಗದ ನೋಡಿ ಫ್ರೆಟ್ ಕೂರಿಸಿದೆ, ಬ್ರಿಡ್ಜನ್ನು ಮಾತ್ರ ಟೇಪ್ ಹಿಡಿದು 380ಕ್ಕೇ ಅಂಟಿಸಿದೆ. ಹನ್ನೆರಡನೇ ಫ್ರೆಟ್ 190ರಲ್ಲಿ ಇರಬೇಕಾದದ್ದು 184ರ ಹತ್ತಿರ ಕೂತಿತ್ತು. ತಂತಿ ಹಾಕಿದ ಮೇಲೆ ಮೇಲಿನ ಸ್ವರಗಳೆಲ್ಲ ಅಪಸ್ವರ. ಈಗ ಪ್ರತಿ ಚಿತ್ರದ ಮೂಲೆಯಲ್ಲೂ 100 ಮಿ.ಮೀ. ಗೆರೆಯೊಂದನ್ನು ಎಳೆದಿಡುತ್ತೇನೆ. ಪ್ರಿಂಟ್ ಬಂದ ಕೂಡಲೇ ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಆ ಗೆರೆ ಸರಿಯಿದ್ದರೆ ಮಾತ್ರ ಮರಕ್ಕೆ ಗರಗಸ ತಾಗಿಸುತ್ತೇನೆ.

ಮೇಲಿನ ಹಲಗೆಯನ್ನು 2 ಮಿ.ಮೀ. ಆಸುಪಾಸಿಗೆ ತನ್ನಿ. ಕೀಸುತ್ತಾ ಆಗಾಗ ಎರಡು ಬೆರಳಲ್ಲಿ ಎತ್ತಿ ಹಿಡಿದು ತಟ್ಟಿ. ದಪ್ಪ ಇದ್ದಾಗ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ, ತೆಳುವಾಗುತ್ತಾ ಬಂದಂತೆ ಉಗುರಿನ ಹೊಡೆತಕ್ಕೂ ಹಲಗೆ ದನಿ ಎಳೆಯುತ್ತದೆ. ಅಲ್ಲಿ ನಿಲ್ಲಿಸಿ. ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್ ಒಂದನ್ನು ಮಾತ್ರ ಖಂಡಿತ ಕೊಳ್ಳಿ. 45ರಿಂದ 55 ಪ್ರತಿಶತ ತೋರಿಸುವ ಕೋಣೆಯಲ್ಲಿ ಅಂಟಿಸಿ. ಇಲ್ಲಿ ಮಳೆಗಾಲದಲ್ಲಿ ಅಂಟಿಸಿದ ಹಲಗೆ ಫೆಬ್ರವರಿ ಬಿಸಿಲಿಗೆ ಬಿರಿಯುತ್ತದೆ, ನಿಮ್ಮಲ್ಲೂ ಚಳಿಗಾಲದ ತೇವ ಕಡಿಮೆ ಇಲ್ಲ ಅಲ್ವಾ?

ವೆಲ್ಲಿಂಗ್ಟನ್ ಹವ್ಯಕ

ಶಿರಸಿಯವರು ಹೇಳಿದ್ದೆಲ್ಲ ಸರಿ. ಆದರೆ ಮೊದಲ ವಾದ್ಯಕ್ಕೇ ಪಕ್ಕದ ಹಲಗೆಯನ್ನು ಬಿಸಿ ಮಾಡಿ ಬಗ್ಗಿಸುವ ಕೆಲಸ ಬೇಡ ಅನ್ನಿಸುತ್ತದೆ. ಮುರಿಯುತ್ತದೆ, ಮನಸ್ಸೂ ಕುಗ್ಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಕುಕ್ ದ್ವೀಪದವರು ಬಾರಿಸುವುದು ತಾಹಿತಿ ಶೈಲಿಯ ಉಕುಲೆಲೆ. ಅದನ್ನು ನೋಡಿ ನಾನೂ ಒಂದು ಮಾಡಿದೆ. ಒಡಲು, ಕುತ್ತಿಗೆ ಎಲ್ಲ ಒಂದೇ ತುಂಡು ಮರ. ನಡುವೆ ಆಲಿಕೆಯ ಹಾಗೆ ತೂತು, ಹಿಂದೆ ಚಿಕ್ಕದು, ಮುಂದೆ ಅಗಲ. ಆ ಅಗಲದ ಬಾಯಿಗೆ ತೆಳು ಮರದ ಬಿಲ್ಲೆ ಕೂರಿಸಿ, ಅದರ ಮೇಲೆ ಬ್ರಿಡ್ಜ್. ತಂತಿ ಎಂಟು, ಎರಡೆರಡರ ನಾಲ್ಕು ಜೋಡಿ, ಎಲ್ಲ ಮೀನು ಹಿಡಿಯುವ ದಾರವೇ. ದನಿ ಹವಾಯಿಯ ಉಕುಲೆಲೆಯಷ್ಟು ಮೆತ್ತಗಿಲ್ಲ, ಚುರುಕಾಗಿ ಬ್ಯಾಂಜೋ ಹಾಗೆ ಕುಣಿಯುತ್ತದೆ. ಉಳಿ, ಡ್ರಿಲ್, ಸ್ಯಾಂಡ್‌ಪೇಪರ್ ಇದ್ದರೆ ಸಾಕು. ಫ್ರೆಟ್ ಲೆಕ್ಕ ಮಾತ್ರ ಮೇಲೆ ಹೇಳಿದ್ದೇ. ಹಳೇ ಮನೆ ಕೆಡವಿದಾಗ ಸಿಗುವ, ಇಲ್ಲಿಯದೇ ಆದ ರಿಮು ಮರದ ತುಂಡು ನೋಡಿ, ದಶಕಗಟ್ಟಲೆ ಒಣಗಿರುತ್ತದೆ.

ಇನ್ನೊಂದು ಮಾತು, ಇದನ್ನು ನೀವು ಕೇಳಲಿಲ್ಲ. ವಾದ್ಯದ ಮೇಲೆ ಚಿತ್ರ ಕೆತ್ತುವ ಯೋಚನೆ ಇದ್ದರೆ ಇಂಟರ್ನೆಟ್‌ನಿಂದ ಮಾವೊರಿ ವಿನ್ಯಾಸ ಇಳಿಸಿಕೊಂಡು ಲೇಸರ್‌ನಲ್ಲಿ ಸುಡಿಸಬೇಡಿ. ಅವುಗಳಲ್ಲಿ ಎಷ್ಟೋ ಒಂದು ಮನೆತನಕ್ಕೆ, ವಂಶಕ್ಕೆ ಸೇರಿದವು. ನಮಗೆ ಗೆರೆಯಾಗಿ ಕಾಣುವುದು ಅವರಿಗೆ ಅಜ್ಜನ ಹೆಸರಾಗಿರಬಹುದು. ಹುಲಾ ಟೀಚರನ್ನೇ ಕೇಳಿ, ಅಥವಾ ಮಗಳೇ ಬರೆದ ಹೂವು ಹಾಕಿ. ನನ್ನದರ ಮೇಲೆ ಅಮ್ಮ ಹಾಕುತ್ತಿದ್ದ ಎಳೆ ರಂಗೋಲಿ ಇದೆ, ಕುಕ್ ದ್ವೀಪದ ಗೆಳೆಯರು ಬಂದಾಗಲೆಲ್ಲ ಅದನ್ನು ಬೆರಳಿಂದ ಸವರಿ ನೋಡುತ್ತಾರೆ.

ಆಕ್ಲೆಂಡ್ ಕನ್ನಡತಿ

ಇಷ್ಟೊಂದು ಬರೆದಿರಿ, ತುಂಬಾ ಧನ್ಯವಾದ. ತಾಹಿತಿ ಶೈಲಿಯದ್ದು ಅಂದ ಕೂಡಲೇ ಯಜಮಾನರ ಮುಖ ಅರಳಿತು. ಒಂದು ಸಂದೇಹ. ಸೀಳಿದ ಬುರುಡೆಯನ್ನೇ ಬಾರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಎಲ್ಲಿ ಕತ್ತರಿಸಿದರೆ ದನಿ ಹೇಗೆ ಬದಲಾಗುತ್ತದೆ ಅಂತ ಹೋಲಿಸಿ ನೋಡೋಣ ಅಂತ. ಆದರೆ ರೆಕಾರ್ಡಿಂಗ್‌ನಲ್ಲಿ ಊ ಕೇಳಿಸುವುದೇ ಇಲ್ಲ, ಬರೀ ಟಕ್ ಟಕ್. ಬುರುಡೆ ಸೀಳಿದ್ದಕ್ಕಾ?

ಶಿರಸಿ ಕೀಸುಳಿ

ಸೀಳಿಂದ ಸ್ವಲ್ಪ ಇರಬಹುದು, ಆದರೆ ಮುಖ್ಯ ಕಾರಣ ಫೋನು. ಗದ್ದಲ ತಗ್ಗಿಸುವ ಸೌಲಭ್ಯ ಆನ್ ಇದ್ದರೆ ಫೋನು ಡೋಲಿನ ದನಿಯನ್ನೂ ಗದ್ದಲ ಅಂದುಕೊಂಡು ಅಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ. ಫೋನನ್ನು ಒಂದಡಿ ದೂರದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ಚಾಪೆಯ ಮೇಲಲ್ಲ, ಸ್ಟೂಲ್ ಮೇಲೆ ಇಡಿ. ಫೈಲನ್ನು ಆಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರ್‌ನಲ್ಲಿ ತೆರೆದು, ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಸ್ಪೆಕ್ಟ್ರಮ್ ಚಿತ್ರ ನೋಡಿ, ಅದೂ ಉಚಿತ. ಎಡಗಡೆ ಏಳುವ ಮೊದಲ ದೊಡ್ಡ ಗುಡ್ಡವೇ ನಿಮ್ಮ ಊ. ತೂತು ಅಗಲ ಮಾಡಿದಂತೆ ಆ ಗುಡ್ಡ ಬಲಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ಹೊನೊಲುಲು ಹುಡುಗಿ

ಹೋಲಿಸೋಕೆ ಗ್ರಾಫ್ ಸರಿ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಮಾತ್ರ ಮಗಳಿಗೇ ಬಿಡಿ ಅಕ್ಕಾ. ಅವಳು ಕಣ್ಣು ಮುಚ್ಚಿ ಕೂರಲಿ, ನೀವು ಬಾರಿಸಿ. ಕುಣಿಯುವವಳಿಗೆ ಆ ಊ ಪಾದದಲ್ಲಿ ಗೊತ್ತಾಗುತ್ತದೆ.

ಆಕ್ಲೆಂಡ್ ಕನ್ನಡತಿ

ಗದ್ದಲ ತಗ್ಗಿಸುವುದನ್ನು ಆಫ್ ಮಾಡಿದೆ. ಸೀಳಿದ ಬುರುಡೆಯಲ್ಲೂ ಊ ಇದೆ! ಸಣ್ಣಗೆ, ಸ್ವಲ್ಪ ಗೊರಗೊರ, ಆದರೆ ಇದೆ. ಮಗಳು ಅಡುಗೆಮನೆಯಿಂದ ಓಡಿ ಬಂದಳು. ಹುಎ ಬೀಜ ಕೊಡುವವರೊಬ್ಬರು ನಮ್ಮ ಬೀದಿಯಿಂದ ಹತ್ತೇ ನಿಮಿಷದ ದಾರಿಯಲ್ಲಿ ಸಿಕ್ಕಿದ್ದಾರೆ, ಶನಿವಾರ ಹೋಗಿ ತರುತ್ತೇವೆ. ಅವರ ಹತ್ತಿರ ಹೋದ ವರ್ಷದ ಒಣಗಿದ ಕಾಯಿ ಎರಡು ಉಳಿದಿವೆಯಂತೆ. ಜೋಡಿ ಆಗುತ್ತದಾ ಅಂತ ನೋಡೋಕೆ ಚಾಪೆಯನ್ನೂ ಜೊತೆಗೆ ತಗೊಂಡು ಹೋಗುತ್ತೇನೆ.